ಕಿಂತ ಫೇರಾ

ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಕಂಡರೆ ಎಲ್ಲರಿಗೂ ಸಂತೋಷ, ನನಗೆ ಮಾತ್ರ ಸಂಶಯ. ರಜೆಯನ್ನು ಯಾರೂ ಸುಮ್ಮನೆ ಕೊಡುವುದಿಲ್ಲ ಎಂಬುದನ್ನು ಯುದ್ಧಕಾಲದ ಬೆಂಗಳೂರು ದಂಡು ಮತ್ತು ಒಂದು ಲ್ಯಾಟಿನ್ ಪದ ಸೇರಿ ನನಗೆ ಕಲಿಸಿವೆ.

ಆ ಪದ 'ಫೇರಿಯೆ'. ಹಳೆಯ ರೋಮಿನವರು ದುಡಿಮೆ ನಿಲ್ಲಿಸಿ ದೇವರನ್ನು ನೆನೆಯುತ್ತಿದ್ದ ದಿನಗಳಿಗೆ ಆ ಹೆಸರೆಂದು ನಮ್ಮ ಮಿಷನ್ ಶಾಲೆಯ ಪಾದ್ರಿ ಮೇಷ್ಟರು ಹೇಳಿಕೊಟ್ಟಿದ್ದರು. ಇಟಲಿಯಲ್ಲಿ ಅದು ರಜೆಯಾಗಿಯೇ ಉಳಿಯಿತು. ಜರ್ಮನಿಗೆ ಹೋಗಿ 'ಫೇರಿಯನ್' ಆಗಿ ಶಾಲೆಯ ಮಕ್ಕಳ ಬಾಯಿ ಸೇರಿತು. ಹಬ್ಬವಿದ್ದಲ್ಲಿ ಜನ, ಜನವಿದ್ದಲ್ಲಿ ವ್ಯಾಪಾರವಲ್ಲವೇ? ಫ್ರೆಂಚರಲ್ಲಿ 'ಫುವಾರ್', ಇಂಗ್ಲಿಷರಲ್ಲಿ 'ಫೇರ್' ಎಂದು ವೇಷ ಬದಲಿಸಿ ಸಂತೆಯಲ್ಲಿ ತಕ್ಕಡಿ ಹಿಡಿದು ಕುಳಿತಿತು. ಇಷ್ಟೊಂದು ಮನೆ ಹೊಕ್ಕವರನ್ನು, ಸ್ನೇಹಿತರೇ, ನೀವಾದರೂ ನಂಬುತ್ತೀರಾ? ಆದರೆ ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದುದು ರಜೆ ಎಂಬ ಅರ್ಥವೊಂದೇ.

ಹಲಸೂರಿನಲ್ಲಿ ಸೈನಿಕರ ಅಂಗಿ ಹೊಲಿಯುವ ಕಾರ್ಖಾನೆಯೊಂದರಲ್ಲಿ ನಾನು ಬಟ್ಟೆ ಕತ್ತರಿಸುತ್ತಿದ್ದೆ. ಹೆಂಡತಿ ಸಾವಿತ್ರಿ ಬಾಣಂತನಕ್ಕೆ ಕೃಷ್ಣರಾಜಪುರದ ತವರಿನಲ್ಲಿದ್ದಳು. ಗುರುವಾರ ನಮ್ಮ ಚೊಚ್ಚಲ ಮಗಳ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವನು ತಂದೆ. ಅವಳ ಮುಖವನ್ನೇ ನಾನಿನ್ನೂ ನೋಡಿರಲಿಲ್ಲ. ರಜೆ ಕೇಳಿದರೆ, ಗೋವೆಯಿಂದ ಬಂದ ಮೇಸ್ತ್ರಿ ದಿಯೋಗು, "ವಾರ್ ಟೈಮ್ ಕಣಯ್ಯಾ, ರಜಾ ಗಿಜಾ ಇಲ್ಲ. ಹೆಸ್ರು ನಿಮ್ಮ ಮಾವನೇ ಹೇಳ್ತಾರೆ ಬಿಡು" ಎಂದ.

ಮಂಗಳವಾರ ಅವನು ತನ್ನೂರಿನವನೊಬ್ಬನಿಗೆ ಪೋರ್ಚುಗೀಸಿನಲ್ಲಿ ಏನೋ ಹೇಳುತ್ತಿದ್ದ. ಬೆರಳು ಕ್ಯಾಲೆಂಡರಿನ ಗುರುವಾರದ ಮೇಲಿತ್ತು. ಮಾತಿನ ನಡುವೆ 'ಕಿಂತ ಫೇರಾ' ಎಂದದ್ದು ನನಗೆ ಕೇಳಿಸಿತು. ಫೇರಾ ಎಂದರೆ ನಮ್ಮ ಪಾದ್ರಿಗಳ ಫೇರಿಯೆ, ರಜೆ. 'ಕಿಂತ' ಅಂತೂ ಅಚ್ಚಗನ್ನಡ: ಒಬ್ಬರಿಗಿಂತ ಒಬ್ಬರಿಗೆ ಹೆಚ್ಚು! ಗೋವೆಯವರಿಗೆ ಗುಟ್ಟಾಗಿ ರಜೆ, ನಮಗೆ ಮಾತ್ರ ಕತ್ತರಿಯೇ? ಹೊಟ್ಟೆ ಉರಿದುಹೋಯಿತು. ಅವರಿಗಿರುವ ರಜೆ ನನಗೂ ಇರಲೆಂದು ಗುರುವಾರ ಬೆಳಿಗ್ಗೆ ದಂಡಿನ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ.

ಶುಕ್ರವಾರ ಕಾರ್ಖಾನೆಗೆ ಹೋಗಿ ನೋಡಿದರೆ, ಹಿಂದಿನ ದಿನ ಗೋವೆಯವರೂ ಸೇರಿ ಎಲ್ಲರೂ ದುಡಿದಿದ್ದರು. ನನ್ನ ವಾದ ಕೇಳಿ ದಿಯೋಗು ಬಿದ್ದು ಬಿದ್ದು ನಕ್ಕ.

"ಅಯ್ಯೋ ಗುರು, ಕಿಂತ ಅಂದ್ರೆ ಐದನೇದು. ಕಿಂತ ಫೇರಾ ಅಂದ್ರೆ ಬರೀ ಗುರುವಾರ! ಅವತ್ತು ಮಾಲು ಕಳಿಸ್ಬೇಕು ಅಂತಿದ್ದೆ."

ಪೋರ್ಚುಗೀಸರಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ದುಡಿಮೆಯ ದಿನಗಳಿಗೆಲ್ಲ ಫೇರಾ ಎಂದೇ ಹೆಸರಂತೆ. ಇಗರ್ಜಿಯ ಪಾದ್ರಿಗಳು ವಾರದ ದಿನಗಳನ್ನು ಭಾನುವಾರದಿಂದ ಎಣಿಸಿ ಇಟ್ಟ ಹೆಸರುಗಳಲ್ಲಿ ಎಣಿಕೆ ಉಳಿದು ಬಿಡುವು ಮಾಯವಾಗಿತ್ತು. ನಗು ಮುಗಿಸಿ ಅವನು, "ನಾಳೆಯಿಂದ ನಿಂಗೆ ದಿನಾ ರಜಾ. ಕತ್ತರಿ ಇಟ್ಟು ಹೋಗು" ಎಂದ.

ಮುಂದೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೆಲಸ ಕೊಟ್ಟ ಸಾಬರಿಗೆ ಈ ಕಥೆ ಹೇಳಿದೆ. "ರಜಾ ಅಂದ್ರೆ ನಮ್ ಜಬಾನಲ್ಲಿ ಒಪ್ಪಿಗೆ ಅಂತ. ಯಾರೋ ಒಪ್ಬೇಕು, ಆಮೇಲೇ ನಿಮ್ಗೆ ಬಿಡುವು" ಎಂದರು. ಅಂದಿನಿಂದ ಆ ಪದದ ಮೇಲೂ ನನಗೆ ಅನುಮಾನವೇ.

ಕೆಲಸ ಹೋದದ್ದಕ್ಕೆ ದುಃಖಪಟ್ಟಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ಆ ಗುರುವಾರ ನಾನು ಓಡೋಡಿ ಒಳಗೆ ಬಂದಾಗ, ಮಾವನವರು ಆಗಲೇ ತೊಟ್ಟಿಲಿಗೆ ಬಾಗಿದ್ದರು. ನನ್ನನ್ನು ಕಂಡು ಅವರು ಪಕ್ಕಕ್ಕೆ ಸರಿದರು. ಶಾರದಾ ಎಂದು ಅವಳ ಕಿವಿಯಲ್ಲಿ ಮೊದಲು ಹೇಳಿದ ದನಿ ನನ್ನದು.