ದೊಡ್ಡಮ್ಮನ ಉಂಗುರದ ಬೆರಳು

ನನ್ನ ದೊಡ್ಡಮ್ಮ ಮೊದಲು ಪಿಯಾನೊ ಮುಟ್ಟಿದ್ದು ಒಂದು ಗೋದಾಮಿನಲ್ಲಿ. ಅವಳ ಅಪ್ಪ, ಅಂದರೆ ನನ್ನ ಅಜ್ಜ, ಮನೆಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಹಮಾಲರ ಮೇಸ್ತ್ರಿ. ಒಮ್ಮೆ ಒಂದು ಪಿಯಾನೊವನ್ನು ಮೂರನೆಯ ಮಹಡಿಗೆ ಹೊರುವಾಗ ಮೆಟ್ಟಿಲ ತಿರುವಿನಲ್ಲಿ ಹಗ್ಗ ಜಾರಿ ಅದರ ಹಿಂಬದಿಯ ಹಲಗೆ ಸೀಳಿತು. ತರಿಸಿಕೊಂಡವರು ಬೇಡವೆಂದರು. ಕಂಪನಿಯವರು ಅದನ್ನು ಗೋದಾಮಿನ ಮೂಲೆಗೆ ತಳ್ಳಿ ಕಂಬಳಿ ಹೊದಿಸಿ ಮರೆತರು. ಏಳು ವರ್ಷದ ದೊಡ್ಡಮ್ಮ ಶಾಲೆಯಿಂದ ನೇರ ಅಲ್ಲಿಗೆ ಬಂದು, ಅಪ್ಪನ ಕೆಲಸ ಮುಗಿಯುವ ತನಕ, ಆ ಕಂಬಳಿಯಡಿ ಕೈ ತೂರಿಸಿ ಕೀ ಒತ್ತುತ್ತ ಕೂರುತ್ತಿದ್ದಳು.

ಪಿಯಾನೊಗಳಿಗೆ ಶ್ರುತಿ ಕೂಡಿಸುವ ಮುದುಕರೊಬ್ಬರು ಒಂದು ಮಧ್ಯಾಹ್ನ ಬೇರೆ ಯಾರದೋ ಪಿಯಾನೊ ನೋಡಲು ಅಲ್ಲಿಗೆ ಬಂದರು. ತಂತಿ ಬಿಗಿದು, ಕೀ ಒತ್ತಿ ಆಲಿಸುತ್ತಿದ್ದಾಗ ಅಲಮಾರಿಗಳ ಹಿಂದಿನಿಂದ ದನಿಯೊಂದು ಬಂತು:

"ಇನ್ನೂ ಒಂಚೂರು ಇಳಿದಿದೆ ತಾತಾ."

ಅವರು ಮತ್ತೆ ಒತ್ತಿ ನೋಡಿದರು. ಇಳಿದಿತ್ತು, ಕೂದಲೆಳೆಯಷ್ಟು.

"ಈ ಹುಡುಗೀನ ಸಂಗೀತಕ್ಕೆ ಹಾಕಿ," ಎಂದರು ಅಜ್ಜನಿಗೆ.

"ನಾವು ಪಿಯಾನೊ ಹೊರೋ ಜನ ಸ್ವಾಮಿ, ನುಡಿಸೋ ಜನ ಅಲ್ಲ."

"ನಲವತ್ತು ವರ್ಷದಿಂದ ತಂತಿ ತಿರುಗಿಸ್ತಿದೀನಿ, ಇಂಥ ಕಿವಿ ನನಗಿಲ್ಲ. ಹೊಟ್ಟೆ ಉರೀತಿದೆ, ಅದಕ್ಕೇ ಹೇಳ್ತಿದೀನಿ."

ಆ ಪುಣ್ಯಾತ್ಮರೇ ಅವಳನ್ನು ಕೈಹಿಡಿದು ಒಬ್ಬ ಮೇಷ್ಟ್ರ ಮನೆಗೆ ಕರೆದೊಯ್ದರು. ಹನ್ನೆರಡು ವರ್ಷ ಕಲಿತು, ಹತ್ತೊಂಬತ್ತಕ್ಕೆ ಅವಳು ಎಂಬತ್ತು ಜನರ ವಾದ್ಯವೃಂದದ ಮುಂದೆ ಕೂತು ನುಡಿಸಿದಳು. ಆಮೇಲೆ ಊರೂರು ತಿರುಗಾಟ, ರೈಲು, ಹೋಟೆಲು, ಪ್ರತಿ ಊರಿನಲ್ಲೂ ಅಪರಿಚಿತ ಪಿಯಾನೊ.

ಆ ಕಾಲದ ಕಥೆಗಳಲ್ಲಿ ಅಮ್ಮ ಮತ್ತೆ ಮತ್ತೆ ಹೇಳುವುದು ಒಂದನ್ನೇ. ದೊಡ್ಡ ಸಭಾಂಗಣ, ಕಾಲಿಡಲು ಜಾಗವಿಲ್ಲ. ಏಳೆಂಟು ನಿಮಿಷ ನುಡಿಸಿದ್ದಾಳೆ, ಇದ್ದಕ್ಕಿದ್ದಂತೆ ಮುಂದಿನ ಸಾಲು ಮರೆತುಹೋಗಿದೆ. ಎದುರಿಗೆ ಸ್ವರಲಿಪಿಯ ಪುಸ್ತಕವಿಲ್ಲ. ಅವಳು ಎದ್ದು ನಿಂತು, "ಕ್ಷಮಿಸಿ, ದಾರಿ ತಪ್ಪಿದೆ. ಮೊದಲಿಂದ ಬರ್ತೀನಿ," ಎಂದು ಹೇಳಿ, ಕೂತು, ಮೊದಲಿನಿಂದಲೇ ನುಡಿಸಿದಳಂತೆ.

"ಮೂರನೇ ಸಾಲಲ್ಲಿದ್ದ ನಾನು ಸೆರಗಲ್ಲಿ ಮುಖ ಮುಚ್ಕೊಂಡೆ ಕಣೇ," ಅನ್ನುತ್ತಾಳೆ ಅಮ್ಮ. "ಅವಳಿಗೇನು, ಮನೇಲಿ ಛತ್ರಿ ಬಿಟ್ಟು ಬಂದವಳ ಥರ ವಾಪಸ್ ಹೋಗಿ ಬಂದ್ಲು."

ಮೂವತ್ತೆಂಟನೆಯ ವಯಸ್ಸಿಗೆ ಅವಳ ಬಲಗೈಯ ಉಂಗುರದ ಬೆರಳು ಮುಷ್ಕರ ಹೂಡಿತು. ನೋವಿಲ್ಲ, ಬಾವಿಲ್ಲ. ಗುಂಡಿ ಹಾಕುವಾಗ, ಸೂಜಿಗೆ ದಾರ ಪೋಣಿಸುವಾಗ ನೆಟ್ಟಗಿರುತ್ತಿತ್ತು. ಪಿಯಾನೊದ ಮುಂದೆ ಮಾತ್ರ ಅಂಗೈಯೊಳಕ್ಕೆ ಮುದುಡಿಕೊಳ್ಳುತ್ತಿತ್ತು. ನಾಲ್ಕು ತಿಂಗಳು ಯಾರಿಗೂ ಹೇಳದೆ, ಆ ಬೆರಳ ಕೆಲಸವನ್ನು ಪಕ್ಕದ ಬೆರಳುಗಳಿಗೆ ಹಂಚಿ ಹೇಗೋ ನಿಭಾಯಿಸಿದಳು. ಆಮೇಲೆ ಪಕ್ಕದ್ದೂ ಮುದುಡತೊಡಗಿತು.

ನರರೋಗದ ಡಾಕ್ಟರು ಕೈ ತಿರುಗಿಸಿ ಮುರುಗಿಸಿ ನೋಡಿ, "ಬೆರಳು ಸರಿಯಾಗೇ ಇದೆ," ಎಂದರು. "ಮಿದುಳು ಕಳಿಸೋ ಕಾಗದಕ್ಕೆ ವಿಳಾಸ ತಪ್ಪಾಗ್ತಿದೆ. ಇದಕ್ಕೆ ಮಾತ್ರೆ ಇಲ್ಲಮ್ಮ."

ಒಪ್ಪಿಕೊಂಡಿದ್ದ ಸಂಗೀತ ಕಚೇರಿಗಳನ್ನೆಲ್ಲ ಬಿಟ್ಟಳು. ಪಿಯಾನೊದ ಮುಚ್ಚಳ ಹಾಕಿದಳು. ಒಂದು ವರ್ಷ ಅದರ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ರಾಶಿ ಬಿದ್ದಿರುತ್ತಿತ್ತು. ಅಮ್ಮ ಹೋಗಿ ಬೈದಳು, ಅತ್ತಳು, ಊಟ ಬಿಟ್ಟು ಪಟ್ಟು ಹಿಡಿದಳು. ದೊಡ್ಡಮ್ಮ ಜಗ್ಗಲಿಲ್ಲ.

ಜಗ್ಗಿಸಿದ್ದು ಪಕ್ಕದ ಮನೆಯ ಬಸ್ ಡ್ರೈವರು. ಐವತ್ತೆರಡು ವಯಸ್ಸಿನ ಅವರು ನಸುಕಿಗೇ ಡ್ಯೂಟಿಗೆ ಹೋಗಿ ಮಧ್ಯಾಹ್ನ ಬಂದು ಮಲಗುತ್ತಿದ್ದರು. ಒಂದು ದಿನ ಬಂದು ಬಾಗಿಲು ತಟ್ಟಿದರು.

"ಮೇಡಂ, ಹತ್ತು ವರ್ಷ ನಿಮ್ಮ ಪಿಯಾನೊ ಕೇಳ್ತಾನೇ ಮಲಗಿದೀನಿ. ಈಗ ಒಂದು ವರ್ಷದಿಂದ ನಿದ್ದೆ ಇಲ್ಲ."

"ನನಗೆ ನುಡಿಸೋಕಾಗಲ್ಲ."

"ಹಾಗಾದ್ರೆ ನನಗೆ ಕಲಿಸಿಬಿಡಿ. ನಾನೇ ನುಡಿಸ್ಕೊಂಡು ಮಲಗ್ತೀನಿ."

ದೊಡ್ಡಮ್ಮ ಆ ವರ್ಷ ನಕ್ಕದ್ದು ಅದೇ ಮೊದಲು. ಬಟ್ಟೆ ತೆಗೆದಿಟ್ಟಳು.

ಡ್ರೈವರರ ಬೆರಳು ಒಂದೊಂದೂ ಎರಡು ಕೀ ಮೇಲೆ ಕೂರುತ್ತಿತ್ತು. ಸ್ಟೀರಿಂಗ್ ಹಿಡಿದಂತೆ ಮಣಿಕಟ್ಟು ಬಿಗಿಹಿಡಿಯುತ್ತಿದ್ದರು. ಕೈಯ ಭಾರವನ್ನು ಸಡಿಲವಾಗಿ ಬೀಳಬಿಡುವುದು ಹೇಗೆಂದು ತೋರಿಸಲು ದೊಡ್ಡಮ್ಮ ತನ್ನದೇ ಬಲಗೈಯನ್ನು ಮೇಲೆತ್ತಿ, ನಿಧಾನವಾಗಿ, ಒಂದೇ ಒಂದು ಸ್ವರದ ಮೇಲೆ ಬಿಟ್ಟಳು. ಬಿಟ್ಟದ್ದು ಉಂಗುರದ ಬೆರಳನ್ನು. ಅದು ಮುದುಡಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಹತ್ತು ನಿಮಿಷ, ಒಂದು ಸ್ವರ. ಮರುವರ್ಷ ಎರಡು. ಯಾರಿಗೂ ಹೇಳಲಿಲ್ಲ. ಎಳೆಮಗುವಿಗೆ ನಡೆಯಲು ಕಲಿಸಿದಂತೆ ತನ್ನ ಬೆರಳಿಗೆ ತಾನೇ ಟೀಚರಾದಳು.

ಶಿಷ್ಯರು ಒಬ್ಬರಿಂದ ಇನ್ನೊಬ್ಬರಾಗಿ ಮೂವತ್ತು ಜನರಾದರು. ಹಲ್ಲಿನ ಡಾಕ್ಟರು ಬಂದರು, ಮಕ್ಕಳು ಬಂದರು, ಮಕ್ಕಳನ್ನು ಬಿಡಲು ಬಂದ ತಾಯಂದಿರೂ ಕೂತರು. "ತಪ್ಪನ್ನ ಜೋರಾಗಿ ನುಡಿಸು," ಎನ್ನುತ್ತಿದ್ದಳು. "ಪಿಸುಗುಟ್ಟಿದ ತಪ್ಪನ್ನ ತಿದ್ದೋದು ಹೇಗೆ?" ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇತ್ತು. ಒಳ್ಳೆಯ ಕೈಯಿದ್ದ ಒಬ್ಬ ಹುಡುಗಿಗೆ ಎರಡು ವರ್ಷ ಒಂದು ಮೆಚ್ಚುಗೆಯ ಮಾತೂ ಆಡಿರಲಿಲ್ಲ. ಆ ಹುಡುಗಿ ಬರುವುದನ್ನು ನಿಲ್ಲಿಸಿದಾಗ ದೊಡ್ಡಮ್ಮ ಎರಡು ಬಸ್ಸು ಬದಲಿಸಿ ಅವಳ ಮನೆಗೆ ಹೋದಳು. "ಹೊಗಳೋಕೆ ನನಗೆ ಯಾರೂ ಕಲಿಸಿಲ್ಲಮ್ಮಾ. ನಿನ್ನ ಮೇಲೇ ಅಭ್ಯಾಸ ಮಾಡ್ಲಾ?" ಎಂದು ಕೇಳಿದಳು. ಆ ಹುಡುಗಿ ಈಗ ಎರಡು ಖಂಡಗಳಲ್ಲಿ ನುಡಿಸುತ್ತಾಳೆ.

ದೊಡ್ಡಮ್ಮನಿಗೆ ಐವತ್ತಾದ ವರ್ಷ, ಗ್ರಂಥಾಲಯದ ಹಾಲ್‌ನಲ್ಲಿ ಶಿಷ್ಯರ ವಾರ್ಷಿಕ ಕಾರ್ಯಕ್ರಮ. ರಿಟೈರ್ ಆಗಿದ್ದ ಡ್ರೈವರು ಹಲ್ಲಿನ ಡಾಕ್ಟರ ಜೊತೆ ಒಂದೇ ಪಿಯಾನೊ ಮೇಲೆ ಇಬ್ಬರು ನುಡಿಸುವ ಕೃತಿಯೊಂದನ್ನು ಆರು ತಿಂಗಳು ಅಭ್ಯಾಸ ಮಾಡಿದ್ದರು. ಅಂದೇ ಡಾಕ್ಟರಿಗೆ ಜ್ವರ. ಹೊಸ ಅಂಗಿ ತೊಟ್ಟು ನಿಂತಿದ್ದ ಡ್ರೈವರ ಮುಖ ಬಾಡಿಹೋಯಿತು.

"ಸರಿದು ಕೂತ್ಕೊಳ್ಳಿ," ಎಂದಳು ದೊಡ್ಡಮ್ಮ.

ಅಮ್ಮ ನನ್ನ ಕೈ ಹಿಡಿದ ಬಿಗಿಗೆ ನನ್ನ ಬಳೆಯೇ ಒಡೆಯಿತು. ಹನ್ನೆರಡು ವರ್ಷದ ಮೇಲೆ ದೊಡ್ಡಮ್ಮನ ಎರಡೂ ಕೈ ಜನರ ಮುಂದೆ ಕೀಗಳ ಮೇಲಿದ್ದವು. ನಿಧಾನದ ಕೃತಿ. ನಡುವೆ ಒಂದೆಡೆ ಉಂಗುರದ ಬೆರಳು ಒಳಕ್ಕೆ ಮುದುಡಿದ್ದು ನನಗೆ ಕಂಡಿತು. ಅವಳು ಗಾಬರಿಯಾಗಲಿಲ್ಲ, ಕೈಯನ್ನು ಎತ್ತಿದಳು, ಒಂದು ಉಸಿರಿನಷ್ಟು ಕಾದಳು, ಮತ್ತೆ ಇಳಿಸಿದಳು. ಡ್ರೈವರೂ ಕಾದರು. ಕೊನೆಯ ಸ್ವರವನ್ನು ಇಬ್ಬರೂ ಒಟ್ಟಿಗೇ ಮುಟ್ಟಿದರು.

"ಮೇಡಂ, ಮಧ್ಯೆ ಒಂದ್ಕಡೆ ನಿಲ್ಲಿಸಿಬಿಟ್ರಿ," ಎಂದರು ಡ್ರೈವರು, ಕಣ್ಣೊರೆಸಿಕೊಳ್ಳುತ್ತ.

"ರೆಡ್ ಸಿಗ್ನಲ್ ಬಿದ್ದಿತ್ತು ರೀ."

ಸುದ್ದಿ ಹಬ್ಬಿ ದೊಡ್ಡ ಸಭಾಂಗಣದವರು ಮತ್ತೆ ನುಡಿಸಲು ಕರೆದು ಫೋನ್ ಮಾಡಿದರು. ದೊಡ್ಡಮ್ಮ ಆಗಲ್ಲವೆಂದಳು. ಅಮ್ಮ ಮೂರು ದಿನ ಮಾತು ಬಿಟ್ಟಳು. "ಆ ಬೆರಳು ಅಷ್ಟು ದೂರ ನಡೆಯಲ್ಲ ಕಣೇ, ಇಷ್ಟು ನಡೆದಿದ್ದೇ ಹೆಚ್ಚು," ಎಂದು ದೊಡ್ಡಮ್ಮನೇ ಬಂದು ಸಮಾಧಾನ ಮಾಡಿದಳು. ಮುಖದಲ್ಲಿ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾಲ್ಕಕ್ಕೆ ಪಾಠವಿತ್ತು. ಗಡಿಯಾರ ನೋಡಿ ಎದ್ದು ಹೋದಳು.

ಅವಳಿಗೀಗ ಎಪ್ಪತ್ತೆರಡು. ವಾರಕ್ಕೆ ಹದಿನೇಳು ಪಾಠ. ಹೊಸಬರು ಸೇರಬೇಕೆಂದರೆ ಒಂದು ವರ್ಷ ಕಾಯಬೇಕು.