ಹೆಂಚಿನಕ್ಕ ತುಂಬಿಸಿದ ಬೀದಿ

ನಾನು ಆ ಊರಿನ ಶಾಲೆಗೆ ಮೇಷ್ಟ್ರಾಗಿ ಹೋದಾಗ ಹಾಜರಿ ಪುಸ್ತಕದಲ್ಲಿ ಇದ್ದದ್ದು ಏಳೇ ಏಳು ಹೆಸರು. ಅದರಲ್ಲಿ ಮೂವರು ಒಂದೇ ಮನೆಯವರು. ಆ ಮನೆಗೆ ನೆಗಡಿ ಹೊಕ್ಕರೆ ಶಾಲೆ ಹೆಚ್ಚುಕಡಿಮೆ ಅರ್ಧ ಖಾಲಿ. ಊರೆಂದರೆ ಒಂದೇ ಉದ್ದನೆಯ ಬೀದಿ; ಅದರ ಎರಡೂ ಬದಿಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ನೂರ ಮೂವತ್ತು ಹೆಂಚಿನ ಮನೆಗಳು. ಎಪ್ಪತ್ತೊಂದಕ್ಕೆ ಬೀಗ ಬಿದ್ದಿತ್ತು. ಗುಡ್ಡದಾಚೆಯ ಹತ್ತಿ ಗಿರಣಿ ಮುಚ್ಚಿದ ಮೇಲೆ ಜನ ಒಬ್ಬರ ಹಿಂದೊಬ್ಬರು ಗಂಟುಮೂಟೆ ಕಟ್ಟಿದ್ದರು.

ಬಸ್ಸಿಳಿದು ನಿಂತವನಿಗೆ ಮೊದಲು ಕಂಡದ್ದು ಒಂದು ಏಣಿ. ತನ್ನಷ್ಟಕ್ಕೆ ತಾನೇ ಬೀದಿಯಲ್ಲಿ ನಡೆದು ಬರುತ್ತಿರುವ ಹಾಗಿತ್ತು. ಹತ್ತಿರ ಬಂದಾಗ ಅದರ ಕೆಳಗೆ ಒಬ್ಬ ಹೆಂಗಸಿದ್ದಳು. ಐವತ್ತರ ಸುಮಾರು, ಕಡ್ಡಿಯಂಥ ಮೈ, ಮೈಗೆ ಹೊಂದದಷ್ಟು ದೊಡ್ಡ ಅಂಗೈಗಳು.

"ಹೊಸ ಮೇಷ್ಟ್ರಾ? ಬನ್ನಿ, ಮನೆ ಆರಿಸ್ಕೊಳ್ಳಿ. ಬೇಕಾದಷ್ಟಿವೆ," ಎಂದಳು, ತರಕಾರಿ ಮಾರುವವರ ಧಾಟಿಯಲ್ಲಿ.

ಅವಳೇ ಹೆಂಚಿನಕ್ಕ. ಅಪ್ಪ ಮನೆಗಳ ಮಾಡಿಗೆ ಹೆಂಚು ಹೊದಿಸುವ ಕೆಲಸದವನು, ಅವನಿಂದ ಕಲಿತದ್ದು. ಮಾಡಿನ ಮೇಲೆ ಅವಳು ಓಡಾಡಿದರೆ ಒಳಗೆ ಮಲಗಿದವರಿಗೆ ಬೆಕ್ಕು ದಾಟಿದಷ್ಟೂ ಸದ್ದು ಕೇಳುತ್ತಿರಲಿಲ್ಲ. ಮದುವೆ ಆಗಿರಲಿಲ್ಲ. ಯಾಕೆಂದು ಕೇಳಿದವರಿಗೆ ಅವಳ ಉತ್ತರ ಸಿದ್ಧವಿರುತ್ತಿತ್ತು: "ಕೇಳಕ್ಕೆ ಬಂದೋರೆಲ್ಲ ಕೆಳಗೆ ನಿಂತಿದ್ರು, ನಾನು ಮೇಲಿದ್ದೆ. ಕೂಗಿ ಕೂಗಿ ಗಂಟಲು ಬಿದ್ದು ವಾಪಸ್ ಹೋದ್ರು."

ಊರು ಬಿಟ್ಟವರೆಲ್ಲ ಹೋಗುವಾಗ ಬೀಗದ ಕೈ ಕೊಟ್ಟದ್ದು ಅವಳಿಗೇ. ಅಡುಗೆಮನೆಯ ಗೋಡೆಗೆ ಹಲಗೆ ಹೊಡೆದು, ಬೀದಿಯಲ್ಲಿ ಮನೆಗಳು ಇದ್ದ ಕ್ರಮದಲ್ಲೇ ಎಪ್ಪತ್ತೊಂದನ್ನೂ ನೇತುಹಾಕಿದ್ದಳು. ತಿಂಗಳಿಗೊಮ್ಮೆ ಒಂದೊಂದು ಮನೆಯ ಕಿಟಕಿ ತೆರೆದು ಗಾಳಿ ಆಡಿಸುವಳು, ಜೇಡರ ಬಲೆ ಹೊಡೆಯುವಳು. ಮಳೆಗಾಲಕ್ಕೆ ಮುಂಚೆ ಊರ ಅಷ್ಟೂ ಮಾಡುಗಳ ಮೇಲೆ ಹತ್ತಿ, ಜಾರಿದ ಹೆಂಚನ್ನು ಸರಿಯಾಗಿ ಕೂರಿಸಿ, ಒಡೆದದ್ದನ್ನು ಬದಲಿಸುವಳು. ಯಾರೂ ಇರದ ಮನೆಗೆ ಇಷ್ಟೊಂದು ಯಾಕೆ ಒದ್ದಾಡುತ್ತೀ ಎಂದು ನಾನೇ ಒಮ್ಮೆ ಕೇಳಿದ್ದೆ.

"ಗೋಡೆಗಳು ಕೈ ಕೈ ಹಿಡ್ಕೊಂಡು ನಿಂತಿವೆ ಮೇಷ್ಟ್ರೇ. ಒಂದು ಹೆಂಚು ಜಾರಿದ್ರೆ ಒಂದು ತೊಲೆ ಕೊಳೆಯತ್ತೆ. ತೊಲೆ ಬಿದ್ರೆ ಗೋಡೆ ನೆನೆಯತ್ತೆ. ಆಮೇಲೆ ಪಕ್ಕದ ಮನೆ. ಹಾಗೇ ಬಂದು ಬಂದು ನಿಮ್ಮ ತಲೆ ಮೇಲೇ ಬೀಳತ್ತೆ!"

ಒಂದು ದಿನ ಬೆಳಗ್ಗೆ ಮಾಡಿನ ಮೇಲಿದ್ದವಳ ಕಣ್ಣಿಗೆ ಬಸ್ ಡ್ರೈವರ್ ಬಿದ್ದ. ನಮ್ಮೂರೇ ಕೊನೆಯ ಸ್ಟಾಪು. ಸಂಜೆ ಬಂದ ಬಸ್ಸು ಬೆಳಗ್ಗೆ ಹೊರಡುವ ತನಕ ಇಲ್ಲೇ ನಿಲ್ಲುತ್ತಿತ್ತು. ಅವನು ಬಸ್ಸಿನ ಬದಿಯ ಕನ್ನಡಿಯಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯುತ್ತಿದ್ದ.

"ಏನಪ್ಪಾ, ಮನೆಮಠ ಇಲ್ವಾ ನಿನಗೆ?" ಎಂದು ಮೇಲಿನಿಂದಲೇ ಕೂಗಿದಳು.

"ಇದೆ ಅಕ್ಕ, ಎರಡು ಗಂಟೆ ದಾರಿ. ಒಂದೇ ಕೋಣೆ. ಅದರಲ್ಲಿ ಹೆಂಡ್ತಿ, ನಾಲ್ಕು ಹೆಣ್ಮಕ್ಳು, ಅತ್ತೆ. ಈ ಬಸ್ಸಲ್ಲಾದ್ರೆ ಕಾಲು ಚಾಚಕ್ಕಾದ್ರೂ ಜಾಗ ಇದೆ."

ಹೆಂಚಿನಕ್ಕ ಕೆಲಸವನ್ನು ಅರ್ಧಕ್ಕೇ ಬಿಟ್ಟು ಸರಸರ ಇಳಿದು ನೇರ ಶಾಲೆಗೆ ಬಂದಳು. "ಮೇಷ್ಟ್ರೇ, ಫೋನು ಕೊಡಿ." ದೂರದ ಪೇಟೆಯಲ್ಲಿದ್ದ ಒಂದು ಮನೆಯ ಯಜಮಾನನಿಗೆ ಫೋನು ಹೋಯಿತು. ಆ ಕಡೆಯಿಂದ ಅವನು, ಬೇರೆಯವರು ಕಾಲಿಟ್ಟರೆ ಮನೆ ಹಾಳಾಗುತ್ತದೆ ಎಂದು ರಾಗ ಎಳೆದದ್ದು ನನಗೂ ಕೇಳಿಸಿತು.

"ಹಾಳಾಗೋದು ಜನ ಇದ್ರೆ ಅಲ್ಲ, ಇಲ್ದೇ ಇದ್ರೆ. ನಿಮ್ಮನೆ ಒಲೆ ಒಳಗೆ ಇಲಿ ಮರಿ ಹಾಕಿದೆ ಗೊತ್ತಾ? ಅದಕ್ಕೇನು ನಿಮ್ಮನ್ನ ಕೇಳಿತ್ತಾ ಇಲಿ?" ಎಂದಳು ಅಕ್ಕ. ಯಜಮಾನ ಒಪ್ಪಿದ.

ಮುಂದಿನ ಭಾನುವಾರ ಡ್ರೈವರನ ಸಂಸಾರ ಅವನದೇ ಬಸ್ಸಿನಲ್ಲಿ ಬಂದಿಳಿಯಿತು. ಮುಂದಿನ ಸೀಟಿನಲ್ಲಿ ಅವನ ಅತ್ತೆ, ಮಡಿಲಲ್ಲಿ ಗೋಡೆ ಗಡಿಯಾರ ಇಟ್ಟುಕೊಂಡು ಮಹಾರಾಣಿಯಂತೆ ಕೂತಿದ್ದಳು. ಸೋಮವಾರ ನನ್ನ ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರು. ಖುಷಿಗೆ ನಾನು ಎರಡು ಸಲ ಹಾಜರಿ ಕೂಗಿದೆ.

ಡ್ರೈವರನ ಬಾಯಿ ಬಸ್ಸಿಗಿಂತ ಜೋರಾಗಿ ಓಡುತ್ತಿತ್ತು. ಮನೆ ಸಿಗದೆ ಗೋಳಾಡುವವರು ಯಾರೇ ಹತ್ತಲಿ, "ಕೊನೇ ಸ್ಟಾಪಿಗೆ ಬನ್ನಿ, ಅಲ್ಲೊಬ್ಬಳು ಅಕ್ಕ ಇದಾಳೆ" ಎನ್ನುವನು. ಜನ ಬರತೊಡಗಿದರು. ಚಪ್ಪಲಿ ಹೊಲಿಯುವ ಗಂಡಹೆಂಡಿರು ಬಂದರು. ಕುಂಬಾರ ಅಣ್ಣತಮ್ಮಂದಿರು ಚಕ್ರದ ಸಮೇತ ಬಂದರು. ಹನ್ನೊಂದು ಜನರ ನೇಕಾರರ ಕುಟುಂಬವೊಂದು ಬಂದಾಗ ಎರಡು ಮನೆಗಳ ನಡುವಿನ ಗೋಡೆಯಲ್ಲಿ ಬಾಗಿಲು ಕೊರೆಯಬೇಕಾಯಿತು. ನಲವತ್ತು ಪಾರಿವಾಳ ಸಾಕಿದ್ದ ಒಬ್ಬಾತ ಅವುಗಳಿಗೆ ಮಲಗುವ ಕೋಣೆ ಬಿಟ್ಟುಕೊಟ್ಟು ತಾನು ಜಗಲಿಯಲ್ಲಿ ಮಲಗತೊಡಗಿದಾಗ ಮಾತ್ರ ಅಕ್ಕ ಅವನ ಜತೆ ಒಂದು ವಾರ ಜಗಳ ಆಡಿದಳು.

ಬಂದವರಿಗೆಲ್ಲ ಅವಳದು ಒಂದೇ ಪರೀಕ್ಷೆ: "ಮಾಡು ಸೋರಿದ್ರೆ ಏನ್ ಮಾಡ್ತೀರಿ?" ಬಕೆಟ್ ಇಡುತ್ತೇವೆ ಎಂದವರಿಗೆ ಮನೆ ಇಲ್ಲ. ನಿಮ್ಮನ್ನು ಕರೆಯುತ್ತೇವೆ ಎಂದವರಿಗೆ ಉಂಟು. ಪೀಪಾಯಿಯಂಥ ಮೈಯ ಬೇಕರಿಯವನೊಬ್ಬ, "ನಾನೇ ಹತ್ತಿ ನೋಡ್ತೀನಿ ಅಕ್ಕ" ಎಂದ. ಪಕ್ಕದಲ್ಲಿ ಏಳು ತಿಂಗಳ ಬಸುರಿ ಹೆಂಡತಿ.

ಅಕ್ಕ ಅವನನ್ನು ಮೇಲಿನಿಂದ ಕೆಳಗಿನ ತನಕ ಅಳೆದು ನೋಡಿದಳು. "ಪುಣ್ಯಾತ್ಮ, ನೀನು ಹತ್ತೋದು ಬೇಡ. ಮನೆ ಕೊಟ್ಟೆ, ತಗೋ."

ಕೊಟ್ಟದ್ದು ಅವಳ ತಂಗಿಯ ಮನೆ. ಅಪ್ಪ ತಂಗಿಯ ಮದುವೆಯಲ್ಲಿ ಬರೆದುಕೊಟ್ಟಿದ್ದ, ಬೀದಿಯಲ್ಲೇ ಗಟ್ಟಿಯಾದ ಮನೆ. ಅಕ್ಕ ಇದ್ದದ್ದು ಅದರ ಎದುರಿನ ಚಿಕ್ಕ ಮನೆಯಲ್ಲಿ. ಗಿರಣಿ ಮುಚ್ಚಿದಾಗ ತಂಗಿ ಗಂಡನ ಜತೆ ಊರು ಬಿಟ್ಟು ಆಗಲೇ ಹನ್ನೊಂದು ವರ್ಷ. ಬೇರೆಲ್ಲರಿಗೂ ಫೋನು ಮಾಡಿ ಒಪ್ಪಿಗೆ ಕೇಳಿದ್ದವಳು ತಂಗಿಯನ್ನು ಮಾತ್ರ ಕೇಳಲಿಲ್ಲ. "ಒಡಹುಟ್ಟಿದೋಳು, ಅವಳನ್ನೇನು ಕೇಳೋದು?" ಬೇಕರಿಯವನು ಹಿಂದಿನ ಕೋಣೆಯ ಗೋಡೆ ಕೆಡವಿ ಇಟ್ಟಿಗೆಯ ದೊಡ್ಡ ಗೂಡೊಲೆ ಕಟ್ಟಿದ. ಎರಡು ತಿಂಗಳಿಗೆ ಅವಳಿಜವಳಿ ಹುಟ್ಟಿದವು. ಬೀದಿಯೆಲ್ಲ ಬ್ರೆಡ್ಡಿನ ಘಮಘಮ.

ಆ ವರ್ಷ ಜನಗಣತಿಗೆ ಬಂದ ಗುಮಾಸ್ತ ಹಳೆಯ ಪಟ್ಟಿ ನೋಡಿಕೊಂಡು ಫಾರಂ ತಂದಿದ್ದ. ಅರ್ಧ ಬೀದಿಗೇ ಮುಗಿದುಹೋದವು. "ಇದೇ ಊರಾ?" ಎಂದು ಬೋರ್ಡು ಓದಿ ಬಂದ. ನಾಳೆ ಮತ್ತೆ ಬರುತ್ತೇನೆಂದವನಿಗೆ ಡ್ರೈವರನ ಅತ್ತೆ, "ಬೇಗ ಬಾರಪ್ಪ, ತಡ ಮಾಡಿದ್ರೆ ಇನ್ನೂ ಹೆಚ್ಚಾಗ್ತೀವಿ" ಎಂದಳು.

ಕೊನೆಯ ಬೀಗವೂ ತೆರೆದ ಕೆಲವೇ ದಿನಕ್ಕೆ ನನ್ನ ಫೋನಿಗೆ ತಂಗಿಯ ಕರೆ ಬಂತು. "ಅಕ್ಕಂಗೆ ಹೇಳಿ ಮೇಷ್ಟ್ರೇ, ನಾವು ವಾಪಸ್ ಬರ್ತಿದೀವಿ. ಇವ್ರಿಗೆ ಕೆಲಸದಿಂದ ಬಿಡುಗಡೆ ಆಯ್ತು. ಇನ್ಮೇಲೆ ನಮ್ಮೂರು, ನಮ್ಮನೆ!"

ಸುದ್ದಿ ಕೇಳಿ ಹೆಂಚಿನಕ್ಕ ಶಾಲೆಯೊಳಗೇ ನೆಲಕ್ಕೆ ಕಾಲೂರದೆ ಕುಣಿದಳು. ಆಮೇಲೆ ಇದ್ದಕ್ಕಿದ್ದಂತೆ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತು, "ಅಯ್ಯೋ, ಅವಳ ಮನೇಲಿ ಬ್ರೆಡ್ ಬೇಯ್ತಿದೆಯಲ್ಲ ಮೇಷ್ಟ್ರೇ!" ಎಂದಳು.

ತಂಗಿ ಬಸ್ಸಿಳಿದವಳೇ ಸೀದಾ ತನ್ನ ಬಾಗಿಲಿಗೆ ಹೋದಳು. ಹಿಂದೆ ಅಕ್ಕ, ಅವಳ ಹಿಂದೆ ಪೆಟ್ಟಿಗೆ ಹೊತ್ತ ತಂಗಿಯ ಗಂಡ ಮತ್ತು ನಾನು. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಹಿಟ್ಟು ಮೆತ್ತಿಕೊಂಡ ಎರಡು ಕೂಸುಗಳು ಅಂಬೆಗಾಲಿಡುತ್ತಿದ್ದವು.

"ಯಾರ ಮಕ್ಕಳಿವು?"

"ಊರಿನವು," ಎಂದಳು ಅಕ್ಕ, ಮೆಲ್ಲಗೆ.

ಆಮೇಲೆ ನಡೆದ ಜಗಳ ಬೀದಿಯ ಎರಡೂ ತುದಿಗೆ ಕೇಳಿಸಿತು. "ಊರೋರಿಗೆಲ್ಲ ಫೋನು, ನನಗೊಂದು ಮಾತಿಲ್ಲ! ನಾನೇನು ನಿನಗೆ ಅಷ್ಟು ಸದರಾನಾ?" ಎಂದು ತಂಗಿ ಅತ್ತಳು. ತಪ್ಪು ತನ್ನದೇ ಎಂದು ಗೊತ್ತಿದ್ದ ಅಕ್ಕ, ತಂಗಿಯ ಗಂಡನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ತನ್ನ ಮನೆಯ ಕಡೆ ನಡೆದಳು. ಮೂರು ದಿನ ಎದುರಿನ ಚಿಕ್ಕ ಮನೆಯಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಕೂತರು. "ಉಪ್ಪು ಕೊಡಕ್ಕೆ ಹೇಳಿ", "ಡಬ್ಬಿ ಅಲ್ಲೇ ಇದೆ ಅಂತ ಹೇಳಿ" ಎಂದು ತಂಗಿಯ ಗಂಡ ಒಂದೇ ಕೋಣೆಯಲ್ಲಿ ಅಂಚೆಯವನ ಕೆಲಸ ಮಾಡಿದ.

ನಾಲ್ಕನೆಯ ದಿನ ಬೇಕರಿಯವನು ಬಂದು ತಲೆ ತಗ್ಗಿಸಿ ನಿಂತ. "ನಮ್ಮಿಂದ ಅಕ್ಕತಂಗೀರು ಬೇರೆ ಆಗೋದು ಬೇಡ. ಒಲೆ ಒಡೆದು ಹೋಗ್ತೀನಿ." ಜತೆಗೆ ಬಂದಿದ್ದ ಅವನ ಹೆಂಡತಿಯ ಸೊಂಟದಿಂದ ಒಂದು ಕೂಸು ತಂಗಿಯ ಕಡೆ ಕೈಚಾಚಿತು. ತಂಗಿ ಎತ್ತಿಕೊಂಡಳು. ಅದು ಅವಳ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತು.

"ಒಲೆ ಒಡೆದು ಏನ್ ತಿನ್ನಿಸ್ತೀಯ ಇದಕ್ಕೆ, ನನ್ನ ಕನ್ನಡಕಾನಾ? ಸುಮ್ನೆ ಹೋಗು, ಕೆಲಸ ನೋಡು," ಎಂದು ಗದರಿ, ಅಕ್ಕನ ಕಡೆ ತಿರುಗಿದಳು. "ನನ್ನ ಮನೆ ಕೊಟ್ಟವಳು ನೀನು. ನನಗೊಂದು ಮನೆ ಕಟ್ಟಿಕೊಡೋಳೂ ನೀನೇ."

"ಕಟ್ತೀನಿ ಕಣೇ," ಎಂದು ಅಕ್ಕ ಕಣ್ಣೊರೆಸಿಕೊಂಡಳು.

ಊರಲ್ಲಿ ಹೊಸ ಮನೆ ಎದ್ದು ಇಪ್ಪತ್ತಾರು ವರ್ಷವಾಗಿತ್ತು. ಬೀದಿಯ ತುದಿಯ ಖಾಲಿ ಜಾಗದಲ್ಲಿ ಪಾಯ ತೋಡಿದಾಗ ನೇಕಾರರ ಮುದುಕ ಗುದ್ದಲಿ ಹಿಡಿದ, ಪಾರಿವಾಳದವನು ಕಲ್ಲು ಹೊತ್ತ. ಕುಂಬಾರ ಅಣ್ಣತಮ್ಮಂದಿರು ಮಡಕೆ ಬದಿಗಿಟ್ಟು ಹೆಂಚು ಸುಟ್ಟರು. ಮೊದಲ ಸುತ್ತಿನವು ಬಾಳೆಕಾಯಿಯ ಹಾಗೆ ಸೊಟ್ಟಗಾದವು. ಎರಡನೆಯ ಸುತ್ತಿನ ಹೆಂಚನ್ನು ಅಕ್ಕ ಬೆರಳಿಂದ ಬಡಿದು, ಠಣ್ ಎಂದ ಸದ್ದಿಗೆ ಕಿವಿಗೊಟ್ಟು, "ಇದು ಹೆಂಚು!" ಎಂದಳು.

ಮಾಡು ಹೊದಿಸುವ ದಿನ ಕುಂಬಾರರ ಗೂಡಿನಿಂದ ಹೊಸ ಮನೆಯ ತನಕ ಇಡೀ ಊರು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿತು. ನನ್ನ ಮಕ್ಕಳೆಲ್ಲ ಸಾಲಿನಲ್ಲೇ ಇದ್ದುದರಿಂದ ನಾನೂ ಶಾಲೆಗೆ ಬಾಗಿಲು ಹಾಕಿ ಬಂದೆ. ಎತ್ತರವೆಂದರೆ ತಂಗಿಗೆ ಹುಟ್ಟಾ ಭಯ. ಅಪ್ಪನ ಏಣಿಯನ್ನು ಆಕೆ ಒಮ್ಮೆಯೂ ಮುಟ್ಟಿರಲಿಲ್ಲವಂತೆ. ಆದರೆ ಅಂದು ಅದೇನು ಹೊಕ್ಕಿತೋ, "ನನ್ನ ಮನೆ ಮಾಡಿಗೆ ನಾನೂ ಒಂದು ಹೆಂಚು ಇಡ್ಬೇಕು" ಎಂದು ಹಟ ಹಿಡಿದಳು.

"ಹೆದರಿಕೆ ಆದ್ರೆ ಕೂಗು. ಆದ್ರೆ ನಿಲ್ಬೇಡ. ಕೂಗ್ತಾನೇ ಹತ್ತು," ಎಂದಳು ಅಕ್ಕ ಮೇಲಿನಿಂದ.

ತಂಗಿ ಪ್ರತಿ ಮೆಟ್ಟಿಲಿಗೂ ಒಮ್ಮೆ ಕಿರುಚುತ್ತ ಹತ್ತಿದಳು. ಕೆಳಗಿದ್ದ ಮಕ್ಕಳು ಪ್ರತಿ ಕೂಗಿಗೂ "ಇನ್ನೊಂದು!" ಎಂದರು. ನೆತ್ತಿಗೆ ತಲುಪಿ, ಅಕ್ಕನ ಕುತ್ತಿಗೆ ತಬ್ಬಿ, ಕಣ್ಣು ಮುಚ್ಚಿಕೊಂಡೇ ಒಂದು ಹೆಂಚು ಇಟ್ಟಳು. ಮೆಲ್ಲಗೆ ಕಣ್ಣು ಬಿಟ್ಟಳು. ಎರಡು ಸಾಲು ಕೆಂಪು ಮಾಡುಗಳು, ಹಿತ್ತಲುಗಳಲ್ಲಿ ಒಣಹಾಕಿದ ಬಟ್ಟೆ, ಹೊಗೆಗೂಡುಗಳಿಂದ ಏಳುವ ಹೊಗೆ.

"ಅಯ್ಯೋ ಅಕ್ಕ, ಇಷ್ಟು ಚೆನ್ನಾಗಿದೆಯಾ ನಮ್ಮೂರು? ಇಷ್ಟು ವರ್ಷ ನೀನೊಬ್ಳೇ ನೋಡ್ತಿದ್ಯಾ?"

ಇಳಿಯಲು ಮಾತ್ರ ಒಪ್ಪಲಿಲ್ಲ. ಮಧ್ಯಾಹ್ನದ ಬ್ರೆಡ್ಡನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಮೇಲಕ್ಕೆ ಎಳೆದುಕೊಂಡು ಇಬ್ಬರೂ ಅಲ್ಲೇ ತಿಂದರು. ಬಿಸಿಲು ಇಳಿದ ಮೇಲೆ ಡ್ರೈವರ್ ಬಸ್ಸನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ತಂಗಿ ಮಾಡಿನಿಂದ ಬಸ್ಸಿನ ತಲೆಗೆ, ಅಲ್ಲಿಂದ ಅದರ ಹಿಂದಿನ ಕಿರು ಏಣಿಗೆ ಕಾಲಿಟ್ಟು, ಊರವರ ಚಪ್ಪಾಳೆಯ ನಡುವೆ ನೆಲ ಮುಟ್ಟಿದಳು.

ಮನೆ ಮುಗಿದಾಗ ತಂಗಿ, "ಎರಡು ಕೋಣೆ ನಮಗ್ಯಾಕೆ?" ಎಂದು ಅಕ್ಕನನ್ನೂ ಅಲ್ಲಿಗೇ ಕರೆದುಕೊಂಡಳು. ಅಕ್ಕನ ಮಂಚ ಬೆಳಗ್ಗೆ ಹೊರಬಿತ್ತು. ಮಧ್ಯಾಹ್ನದೊಳಗೆ, ಊರಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ನರ್ಸೊಬ್ಬಳು ಆ ಚಿಕ್ಕ ಮನೆ ಸೇರಿ ಒಲೆ ಹಚ್ಚಿದ್ದಳು.

ಈಗ ದಿನಾ ಬೆಳಗ್ಗೆ ಹೊಸ ಮನೆಯಲ್ಲಿ ಒಂದು ಜಗಳ ಇದ್ದದ್ದೇ. ತಂಗಿಗೆ ಕಿಟಕಿ ತೆರೆದಿರಬೇಕು, ಅಕ್ಕನಿಗೆ ಥಂಡಿ ಗಾಳಿ ಆಗದು. ಮೊದಲ ಮಾತು ಏರಿದ ಕೂಡಲೇ ತಂಗಿಯ ಗಂಡ ಚೀಲ ಹಿಡಿದು ಬ್ರೆಡ್ ತರಲು ಹೊರಡುತ್ತಾನೆ. ಬೇಕರಿಯ ಬೆಂಚಿನ ಮೇಲೆ ಪಾರಿವಾಳದವನ ಜತೆ ಹರಟುತ್ತ ಒಂದು ಗಂಟೆ ಕೂರುತ್ತಾನೆ. ಇನ್ನೂರು ಹೆಜ್ಜೆ ದೂರದಿಂದ ಒಂದು ಬ್ರೆಡ್ ತರಲು ಅಷ್ಟು ಹೊತ್ತು ಯಾಕೆ ಬೇಕೆಂದು ಅಕ್ಕತಂಗಿಯರಿಬ್ಬರೂ ಇದುವರೆಗೆ ಕೇಳಿಲ್ಲ.