ಅರವತ್ತಮೂರನೇ ನಂಬರಿನ ಚೂಡಿದಾರ್‌ಗಳು

ಸಾರಿ ಫ್ರೆಂಡ್ಸ್, ಹಳೇ ಬಟ್ಟೆಗೆಲ್ಲ ಒಂದು ಪೋಸ್ಟ್ ಹಾಕುತ್ತಿದ್ದೇನೆ. ಹೇಳದಿದ್ದರೆ ಟೆನ್ಷನ್ ಇಳಿಯುವುದಿಲ್ಲ.

ಹಾಸ್ಟೆಲ್ ಕಾಲದ ಹನ್ನೊಂದು ಚೂಡಿದಾರ್‌ಗಳನ್ನು ಇವತ್ತು ಬೀರುವಿನಿಂದ ತೆಗೆದು, ಪಂಚನಹಳ್ಳಿಯಿಂದ ಬಂದಿದ್ದ ಚಿಕ್ಕಮ್ಮನ ಮಗಳು ಕಾವ್ಯಳ ಮುಂದಿಟ್ಟೆ. ಎಲ್ಲದರ ಕತ್ತಿನ ಹಿಂದೆಯೂ ಅಮ್ಮ ಕೆಂಪು ದಾರದಲ್ಲಿ ಹೊಲಿದಿದ್ದ ನನ್ನ ಹಾಸ್ಟೆಲ್ ನಂಬರ್, 63.

“ಇದ್ನ ಹಾಕ್ಕೊಂಡ್ ಕಾಲೇಜಿಗೆ ಹೋದ್ರೆ ಜೈಲಿಂದ ಬಂದವ್ಳು ಅಂತಾರೆ ಕಣಕ್ಕ,” ಎಂದಳು ಕಾವ್ಯ.

ಅಮ್ಮನಿಗೆ ಅಷ್ಟೇ ಸಾಕಾಯಿತು. “ಹಂಗಾದ್ರೆ ವಾಪಸ್ ಬೀರುಗೆ ಇಡು. ಎಲ್ಲಾ ಇನ್ನೂ ಗಟ್ಟಿಯಾಗವೆ.”

ನಾನು ಬಿಡಲಿಲ್ಲ. ಹಾಕಿಕೊಂಡ ಬಟ್ಟೆಯನ್ನು ಕೊಡುವಾಗ ಅದರ ಒಂದೆಳೆ ದಾರ ಕಿತ್ತು ಮನೆಯಲ್ಲಿ ಇಟ್ಟುಕೊಳ್ಳಬೇಕು ಎನ್ನುವುದು ಅಮ್ಮನದೇ ರೂಲ್.

“ದಾರ ಕೀಳ್ಬೇಕು ತಾನೇ? ಕೀಳ್ತೀನಿ,” ಎಂದು ಬ್ಲೇಡ್ ಹಿಡಿದು ಕೂತೆ. ಕಾವ್ಯಳ ನಾಲ್ಕು ಗಂಟೆಯ ಬಸ್ಸು ಬರುವುದರೊಳಗೆ ಹನ್ನೊಂದು ನಂಬರೂ ಕಿತ್ತುಬಂದವು.

“ಒಂದೆಳೆ ಅಂದ್ರೆ ನಾನ್ ಹೊಲ್ದಿದ್ದೆಲ್ಲಾ ಕಿತ್ಬಿಟ್ಯಲ್ಲೇ!” ಎಂದರು ಅಮ್ಮ.

ಕಾವ್ಯ ಬ್ಯಾಗ್ ತುಂಬಿಕೊಂಡು ನಗುತ್ತಾ ಹೊರಟಳು. ನನ್ನ ಬೀರು ಖಾಲಿ. ಈಗ ಒಂದು ಮುಷ್ಟಿ ಕೆಂಪು ದಾರವನ್ನು ಅದೇ ಬೀರುವಿನಲ್ಲಿ ಇಡಬೇಕಂತೆ. ಇಡಲೋ, ಬಿಸಾಡಲೋ? ಅಮ್ಮ ದಾರ ಹಾಕಿಡಲು ಡಬ್ಬ ಹಿಡಿದು ಎದುರಿಗೇ ನಿಂತಿದ್ದಾರೆ. ದಯವಿಟ್ಟು ಬೇಗ ರಿಪ್ಲೈ ಮಾಡಿ.